ವೇಗದ ಮೋಟಾರಿಗೆ ಬಿಗಿ ಸ್ಪ್ರಿಂಗು

ಸೊಲ್ಲಾಪುರದಿಂದ ವಿಜಯಪುರಕ್ಕೆ ಹೋಗುವ ಹೆದ್ದಾರಿಯು ನಮ್ಮ ಝಳಕಿಯ ಮೇಲೆಯೇ ಹಾಯುವದು. ಅದನ್ನು ಚತುಷ್ಪಥವಾಗಿಸುವಾಗ, 2021ರ ಫೆಬ್ರುವರಿಯಲ್ಲಿ, 25.54 ಕಿಲೋಮೀಟರು ಉದ್ದದ ಒಂದು ಪಥವನ್ನು 18 ತಾಸುಗಳಲ್ಲಿ ಹಾಸಿದರು. ಇಂಥ ನುಣುಪು ದಾರಿ ದೊರೆತ ಬಳಿಕ ತರುಣರಿಗೆ ಸ್ಪೋರ್ಟ್ಸ್ ಕಾರಿನ ಮೋಹ ಸಹಜವೇ. ಅದನ್ನು ತಗ್ಗಿಸಿ ಬಿಗಿಯಾದ ಸ್ಪ್ರಿಂಗು ಕೂಡಿಸುವ ಹಟವೂ ಬೆನ್ನಿಗೇ ಬರುವದು.

ಬಿಗಿ ಸ್ಪ್ರಿಂಗಿನಿಂದ ತಿರುವಿನಲ್ಲಿ ಗಾಡಿ ವಾಲುವದು ಕಡಿಮೆಯಾಗುವದೆಂಬದು ದಿಟ. ಆದರೆ ತರ್ಕಸಂಗ್ರಹವನ್ನೋದಿದವರು ಬಲ್ಲರು: ವೇಗ, ಸ್ಥಿತಿಸ್ಥಾಪಕಗಳೆರಡೂ ಸಂಸ್ಕಾರವೆಂಬ ಒಂದೇ ಗುಣದ ಭೇದಗಳು. (ಮೂರನೆಯದಾದ ಭಾವನೆಯು, ಅಂದರೆ ಸ್ಮರಣೆಯ ಬೀಜವು, ಮೋಟಾರಿಗಿಲ್ಲ, ನಡೆಸುವವನಿಗಿರಬೇಕು.) ಸ್ಪ್ರಿಂಗು ಪೆಟ್ಟನ್ನು ಜೀರ್ಣಿಸಿಕೊಳ್ಳುವದಿಲ್ಲ, ಕೂಡಿಟ್ಟು ತಿರುಗಿ ಕೊಡುವದು. ಅದನ್ನು ಎಣ್ಣೆಯ ಘರ್ಷಣದಿಂದ ಶಾಖವಾಗಿಸಿ ಕಳೆಯುವದು ಶಾಕ್ ಅಬ್ಸಾರ್ಬರಿನ ಕೆಲಸ. ಸ್ಪ್ರಿಂಗು ನಾಲ್ಮಡಿ ಬಿಗಿಯಾದರೆ ನಿಮಿಷಕ್ಕಾಗುವ ಕುಲುಕುಗಳ ಎಣಿಕೆ ಇಮ್ಮಡಿಯಾಗುವದು. ಹಳೆಯ ಶಾಕ್ ಅಬ್ಸಾರ್ಬರು ಅದನ್ನು ಹಿಡಿಯಲಾರದು. ಗಾಲಿ ನೆಲಬಿಟ್ಟು ಪುಟಿಯುವದು. ನೆಲಬಿಟ್ಟ ಗಾಲಿಗೆ ಬ್ರೇಕೂ ತಾಗದು, ತಿರುವೂ ತಿಳಿಯದು.

ಇನ್ನು ಹೆದ್ದಾರಿಯಿಳಿದು ಊರ ರಸ್ತೆ ಹಿಡಿದರೆ ಎರೆ ಭೂಮಿ. ಮಳೆಗೆ ಉಬ್ಬಿ ಬೇಸಗೆಗೆ ಬಿರಿಯುವ ಈ ಮಣ್ಣು ಮೇಲಿನ ಡಾಂಬರನ್ನೂ ಅಲೆಯಲೆಯಾಗಿಸುವದು. ತಗ್ಗಿಸಿದ ಗಾಡಿಯಲ್ಲಿ ಗಾಲಿ ಮೇಲೇಳಲು ಎಡೆ ಸಾಲದೆ, ಪೆಟ್ಟು ನೇರವಾಗಿ ಚೌಕಟ್ಟಿಗೂ ಹಿಂದೆ ಕುಳಿತ ತಾಯಿಯ ಬೆನ್ನಿಗೂ ತಾಗುವದು.

ವೆಚ್ಚ ಮಾಡಲೇಬೇಕಾದರೆ ಮೊದಲು ಸವೆದ ಶಾಕ್ ಅಬ್ಸಾರ್ಬರುಗಳನ್ನು ಜೋಡಿಯಾಗಿ ಬದಲಿಸಿ, ಗಾಲಿಗಳ ಅಲೈನ್‌ಮೆಂಟ್ ನೋಡಿಸತಕ್ಕದ್ದು. ಬಿಗಿ ಸ್ಪ್ರಿಂಗು ಬೇಕೇ ಎಂದರೆ, ಅದಕ್ಕೆ ಹೊಂದುವ ಶಾಕ್ ಅಬ್ಸಾರ್ಬರಿನೊಡನೆಯೇ ಕೊಳ್ಳತಕ್ಕದ್ದು.