‘ಮದ್ಗು’ ಯಾವ ಹಕ್ಕಿ?

ಛಾಂದೋಗ್ಯೋಪನಿಷತ್ತಿನ ನಾಲ್ಕನೆಯ ಅಧ್ಯಾಯದಲ್ಲಿ ಸತ್ಯಕಾಮ ಜಾಬಾಲನಿಗೆ ಬ್ರಹ್ಮದ ಒಂದೊಂದು ಪಾದವನ್ನು ವೃಷಭ, ಅಗ್ನಿ, ಹಂಸ, ಮದ್ಗು ಎಂಬ ನಾಲ್ವರು ಉಪದೇಶಿಸುವರಷ್ಟೆ. ಶಂಕರರ ಭಾಷ್ಯವು ಮದ್ಗುವನ್ನು ನೀರಿನಲ್ಲಿ ಚರಿಸುವ ಪಕ್ಷಿಯೆಂದು ಮಾತ್ರ ವಿವರಿಸಿದೆ. ಪಾಠ ಹೇಳುವವರು ‘ನೀರುಕಾಗೆ’ಯೆಂದು ಮುಂದೆ ಸಾಗುವುದುಂಟು. ಶಬ್ದವು ಮುಳುಗುವುದೆಂಬ ಅರ್ಥದ ‘ಮಸ್ಜ್’ ಧಾತುವಿನಿಂದ ಬಂದುದು. ಆದರೆ ಮುಳುಗುವ ಹಕ್ಕಿ ಒಂದೇ ಅಲ್ಲವಷ್ಟೆ.

ಇಲ್ಲಿ ಕೋಶಗಳಿಗಿಂತ ಕೆರೆಯೇ ಹೆಚ್ಚು ನೆರವಾದೀತು. ಚಿಕ್ಕಪೇಟೆಗೆ ಸಮೀಪದ ಧರ್ಮಾಂಬುಧಿ ಕೆರೆಯೇನೋ ಬಸ್ಸು ನಿಲ್ದಾಣವಾಗಿಹೋಯಿತು. ಲಾಲ್‌ಬಾಗಿನ ಕೆರೆಯೂ 1882ರಲ್ಲಿ ಕಟ್ಟಿದ ಸ್ಯಾಂಕಿ ಕೆರೆಯೂ ಉಳಿದಿವೆ. ನಮ್ಮ ಸೀಮೆಯ ಕೆರೆಗಳಲ್ಲಿ ಮುಳುಗಿ ಮೇಯುವ ಹಕ್ಕಿಗಳೊಳಗೆ ಗುಳುಮುಳುಕವೇ ಅತಿ ಚಿಕ್ಕದು. ಸುಮಾರು 25 ಸೆಂಟಿಮೀಟರಿನ, ಬಾಲವೇ ಇಲ್ಲದಂತೆ ತೋರುವ ಗುಂಡುಮೈ. ಮರಿಮಾಡುವ ಕಾಲದಲ್ಲಿ ಕತ್ತು ಕಂದುಗೆಂಪು, ಬಾಯಂಚಿನಲ್ಲಿ ತಿಳಿಹಳದಿಯ ಬೊಟ್ಟು. ಬೆದರಿದರೆ ಹಾರದೆ ಗುಳುಕ್ಕನೆ ಮುಳುಗಿ ಬೇರೊಂದೆಡೆ ಏಳುತ್ತದೆ. ಹೆಸರು ಅನ್ವರ್ಥವೇ ಸರಿ. ಜೊಂಡು ಪಾಚಿಗಳ ತೇಲುಗೂಡಿನಲ್ಲಿ ಮೊಟ್ಟೆಯಿಟ್ಟು, ಬಿಟ್ಟುಹೋಗುವಾಗ ಒದ್ದೆ ಕಳೆಯನ್ನು ಅವುಗಳ ಮೇಲೆ ಮುಚ್ಚುತ್ತದೆ. ಪಟ್ಟೆ ಪಟ್ಟೆಯ ಮರಿಗಳು ತಾಯ್ತಂದೆಗಳ ಬೆನ್ನೇರಿ ಸಂಚರಿಸುವುವು. ಕಾಲುಗಳು ಮೈಯ ತೀರ ಹಿಂಬದಿಯಲ್ಲಿರುವುದರಿಂದ ಈಜಿಗೆ ಅನುಕೂಲ, ನೆಲದ ಮೇಲೆ ನಡೆಯಲು ಮಹಾ ಕಷ್ಟ.

ನೀರುಕಾಗೆ ಇದರ ಇಮ್ಮಡಿ ಉದ್ದದ ಕರಿಯ ಹಕ್ಕಿ. ಕೊಕ್ಕಿನ ತುದಿ ಕೊಕ್ಕೆ. ಇದರ ಗರಿಗಳು ನೀರನ್ನು ಹೀರುವುದರಿಂದ ಮುಳುಗುವುದು ಸುಲಭವಾಗುತ್ತದೆ; ಆ ಮೇಲೆ ಬಂಡೆಯ ಮೇಲೋ ಕೊಂಬೆಯ ಮೇಲೋ ಕುಳಿತು ರೆಕ್ಕೆಗಳನ್ನು ಬಿಚ್ಚಿ ಒಣಗಿಸಬೇಕಾಗುತ್ತದೆ. ಹಾವಕ್ಕಿಯೂ ಹೀಗೆಯೇ, ಆದರೆ ಅದು ಸುಮಾರು 90 ಸೆಂಟಿಮೀಟರು ಉದ್ದ, ಈಜುವಾಗ ಹಾವಿನಂತಹ ಕತ್ತು ಮಾತ್ರ ಕಾಣುತ್ತದೆ, ಮೀನನ್ನು ಚೂಪಾದ ಕೊಕ್ಕಿನಿಂದ ತಿವಿಯುತ್ತದೆ. 1940ರಿಂದ ಪಕ್ಷಿಧಾಮವಾಗಿರುವ ರಂಗನತಿಟ್ಟಿನಲ್ಲಿ ಇವೆರಡೂ ಮರಗಳ ಮೇಲೆ ಗೂಡುಕಟ್ಟುವುದನ್ನು ನೋಡಬಹುದು.

ಈಗ ಉಪನಿಷತ್ತಿಗೆ ಬಂದರೆ, ಸಂಜೆ ಗೋವುಗಳನ್ನು ತಡೆದು ಬೆಂಕಿಯನ್ನು ಹೊತ್ತಿಸಿ ಕುಳಿತ ಸತ್ಯಕಾಮನ ಬಳಿಗೆ ಮದ್ಗು ಹಾರಿಬಂದು ಇಳಿದು ಮಾತನಾಡಿತೆಂದಿದೆ. ನೆಲಕ್ಕಿಳಿಯಲಾರದ ಗುಳುಮುಳುಕಕ್ಕೆ ಈ ವರ್ಣನೆ ಒಪ್ಪುವುದಿಲ್ಲ. ಅದು ಕೆರೆಯಿಂದ ಕೆರೆಗೆ ಹಾರುವುದುಂಟಾದರೂ ಇಳಿಯುವುದು ನೀರಿಗೇ. ಉಳಿದೆರಡರಲ್ಲಿ ಇಂತಹದೇ ಎಂದು ಸಾಧಿಸಲು ಮೂಲದಲ್ಲಿ ಬಣ್ಣವಾಗಲಿ ಕತ್ತಿನ ಮಾತಾಗಲಿ ಇಲ್ಲ. ಆದಕಾರಣ ‘ನೀರುಕಾಗೆ’ ಎಂಬ ಅರ್ಥ ಸಲ್ಲಬಹುದಾದುದು. ಹಾವಕ್ಕಿಯನ್ನೂ ಅದರೊಡನೆ ಹೇಳುವುದು ಮೇಲು. ಕಾಗೆಯೆಂಬ ಹೋಲಿಕೆ ಕನ್ನಡಕ್ಕೇ ಮೀಸಲೂ ಅಲ್ಲ: ಸಂಸ್ಕೃತದಲ್ಲಿ ‘ಜಲಕಾಕ’ವಿದೆ, ಇಂಗ್ಲಿಷಿನ ‘ಕಾರ್ಮೊರಂಟ್’ ಶಬ್ದವೂ ‘ಕಡಲಕಾಗೆ’ ಎಂಬರ್ಥದ ಲ್ಯಾಟಿನ್ ಮಾತುಗಳಿಂದಲೇ ಹುಟ್ಟಿದುದು.