ಕಿರುಗೊಳವೆಯಲ್ಲಿ ಬಣ್ಣದ ಪಯಣ

ನೀರು ಮೆಲ್ಲಗೆ ಹರಿಯುತ್ತಿರುವ ಕಿರಿದಾದ ಗಾಜಿನ ಕೊಳವೆಗೆ ಪೊಟ್ಯಾಸಿಯಂ ಪರ್ಮಾಂಗನೇಟಿನ ತೆಳು ದ್ರಾವಣವನ್ನು ತುಸು ಸೇರಿಸೋಣ. ಆ ನೇರಿಳೆ ಬಣ್ಣ ಸೇರಿಸಿದಂತೆಯೇ ಕೊನೆಯನ್ನು ಮುಟ್ಟುವುದೆ? ಇಲ್ಲ. ಕೊಳವೆಯ ನಟ್ಟನಡುವೆ ನೀರಿನ ವೇಗ ಸರಾಸರಿ ವೇಗದ ಎರಡರಷ್ಟು. ಗೋಡೆಗಂಟಿದ ಪದರವಾದರೋ ಕದಲುವುದೇ ಇಲ್ಲ. ನಡುವಿನ ಬಣ್ಣ ಮುಂದೋಡುತ್ತದೆ, ಅಂಚಿನದು ಹಿಂದುಳಿಯುತ್ತದೆ.

ಹೀಗೆಯೇ ನಡೆದರೆ ಬಣ್ಣ ಉದ್ದಕ್ಕೂ ಚದರಿಹೋಗಬೇಕಷ್ಟೆ. ಅದನ್ನು ತಡೆಯುವುದು ಅಣುಗಳ ಅಲೆದಾಟ, ಎಂದರೆ ವಿಸರಣ. ಅಣುಗಳು ಅಂಚಿನಿಂದ ನಡುವಿಗೂ ನಡುವಿನಿಂದ ಅಂಚಿಗೂ ಸರಿಯುತ್ತಿರುವುದರಿಂದ ಯಾವ ಅಣುವೂ ಬಹುಕಾಲ ಮುಂದೋಡಲಾರದು, ಹಿಂದುಳಿಯಲಾರದು. ಹರಡುವುದೇ ಸ್ವಭಾವವಾದ ವಿಸರಣವು ಇಲ್ಲಿ ಹರಡಿಕೆಗೆ ಕಡಿವಾಣ ಹಾಕುತ್ತದೆ! ಇಂಗ್ಲೆಂಡಿನ ಜಿ. ಐ. ಟೇಲರ್ 1953ರಲ್ಲಿ ಇದನ್ನು ಗಣಿತದಿಂದಲೂ ಪ್ರಯೋಗದಿಂದಲೂ ತೋರಿಸಿದರು. ವಿಸರಣಕ್ಕೆ ಸಾಕಷ್ಟು ಕಾಲ ದೊರೆತಾಗ, ಅದೇ ವೇಗದಲ್ಲಿ, ಕೊಳವೆಯ ತ್ರಿಜ್ಯ ಅರ್ಧವಾದರೆ ಹರಡಿಕೆಯ ಗುಣಾಂಕ ಕಾಲುಭಾಗವಾಗುತ್ತದೆ.

1975ರಲ್ಲಿ ಡೆನ್ಮಾರ್ಕಿನಲ್ಲಿ ರುಜಿಚ್ಕ, ಹ್ಯಾನ್ಸೆನ್ ಇವರು ಪ್ರಕಟಿಸಿದ ವಿಶ್ಲೇಷಣ ವಿಧಾನ ಈ ಹರಡಿಕೆಯನ್ನು ಹತೋಟಿಯಲ್ಲಿರಿಸಿ ಬಳಸಿಕೊಳ್ಳುತ್ತದೆ. ಕುಡಿಯುವ ನೀರಿನಲ್ಲಿ ನೈಟ್ರೈಟ್ ಎಷ್ಟಿದೆಯೆಂದು ತಿಳಿಯಬೇಕಾದರೆ, ಆ ನೀರನ್ನು ತುಸುವೇ ತೆಗೆದು, ಬಣ್ಣ ತರುವ ಕಾರಕದ ಪ್ರವಾಹಕ್ಕೆ ಸೇರಿಸುತ್ತಾರೆ. ಕೊನೆಯಲ್ಲಿರುವ ಮಾಪಕವು ಬಣ್ಣವನ್ನು ಅಳೆದು ಶಿಖರದಂಥ ರೇಖೆಯನ್ನು ಬರೆಯುತ್ತದೆ. ಹರಡಿಕೆ ಹೆಚ್ಚಿದರೆ ಶಿಖರ ತಗ್ಗಿ ಅಗಲವಾಗುತ್ತದೆ. ತೀರ ಕಡಮೆಯಾದರೆ ಕಾರಕವು ಮಾದರಿಯೊಳಕ್ಕೆ ಬೆರೆಯದೆ ಬಣ್ಣವೇ ಸರಿಯಾಗಿ ಮೂಡದು.

ಹಾಗಾದರೆ ಶಿಖರ ತಗ್ಗಿತೆಂದು ನೀರು ಶುದ್ಧವೆನ್ನಬಹುದೆ? ಕೂಡದು. ಪ್ರಮಾಣ ತಿಳಿದ ದ್ರಾವಣವನ್ನು ಅದೇ ಕೊಳವೆಯಲ್ಲಿ, ಅದೇ ವೇಗದಲ್ಲಿ ಕಳುಹಿಸಿ ಎರಡು ಶಿಖರಗಳನ್ನು ಹೋಲಿಸಬೇಕು. ಎರಡೂ ಒಂದೇ ಬಗೆಯಾಗಿ ಹರಡಿದಾಗ ಮಾತ್ರ ನಮ್ಮ ತೀರ್ಪು ನಂಬಲು ಯೋಗ್ಯವಾದುದು.