ಅಂಗಡಿಯ ಛಾವಣಿ: ಮಣ್ಣೋ, ಹಂಚೋ, ತಗಡೋ?

ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನ ಹುಲಗೂರು ಮಲೆನಾಡಿನ ಸೆರಗಿಗೂ ಬಯಲುಸೀಮೆಗೂ ನಡುವೆ ಇರುವ ಊರು. ಹಾನಗಲ್ಲಿನ ಕಡೆಗೆ ಹೋದಂತೆ ಮಳೆ ಹೆಚ್ಚು, ಇಳಿಜಾರಾದ ಹಂಚಿನ ಛಾವಣಿಗಳೂ ಹೆಚ್ಚು. ಪೂರ್ವಕ್ಕೆ ಸರಿದಂತೆ ಮಳೆ ಕಡಿಮೆಯಾಗಿ ಚಪ್ಪಟೆಯಾದ ಮಣ್ಣಿನ ಮಾಳಿಗೆಗಳು ಕಾಣತೊಡಗುತ್ತವೆ. ಹುಲಗೂರಿಗೆ ಸಮೀಪದ ಶಿಶುನಾಳದ ಶರೀಫ್ ಸಾಹೇಬರು (1819–1889) ಸೋರುವ ಮಾಳಿಗೆಯನ್ನೇ ತಮ್ಮ ಹೆಸರಾಂತ ತತ್ವಪದವೊಂದಕ್ಕೆ ವಸ್ತುವಾಗಿ ಆರಿಸಿಕೊಂಡುದು ಸಹಜವೇ ಆಗಿದೆ. ಅವರ ಕೇಳುಗರಿಗೆ ಅದನ್ನು ಬಿಡಿಸಿ ಹೇಳಬೇಕಾದ ಅಗತ್ಯವಿರಲಿಲ್ಲ.

ಇಂತಹ ಊರಿನಲ್ಲಿ ಅಂಗಡಿಯನ್ನೋ ಉಗ್ರಾಣವನ್ನೋ ಕಟ್ಟಿಸುವವರು ಛಾವಣಿಯ ವಿಷಯದಲ್ಲಿ ಸಾಮಾನ್ಯವಾಗಿ ಎರಡು ಪ್ರಶ್ನೆಗಳನ್ನು ಕೇಳುತ್ತಾರೆ: ಖರ್ಚೆಷ್ಟು? ಸೋರುತ್ತದೆಯೆ? ಮೂರನೆಯದೊಂದು ಪ್ರಶ್ನೆಯೂ ಉಂಟು. ಬಿಸಿಲಿನ ಶಾಖವನ್ನು ಈ ಛಾವಣಿ ಎಷ್ಟು ಹೊತ್ತಿಗೆ ಕೆಳಗಿಳಿಸುತ್ತದೆ?

ಮಾಳಿಗೆಯನ್ನೇ ಮೊದಲು ನೋಡೋಣ. ತೊಲೆಗಳ ಮೇಲೆ ಜಂತಿ, ಜಂತಿಗಳ ಮೇಲೆ ಹಲಗೆ ಅಥವಾ ಕಡ್ಡಿಗಳ ಹಾಸು, ಅದರ ಮೇಲೆ ಸುಮಾರು ಒಂದು ಅಡಿ ಮಣ್ಣು. ಮೇಲ್ಪದರಕ್ಕೆ ಸವುಳು ಮಣ್ಣನ್ನು ಹಾಕುವ ರೂಢಿಯಲ್ಲಿ ಒಳ್ಳೆಯ ರಸಾಯನಶಾಸ್ತ್ರವೇ ಅಡಗಿದೆ. ಸವುಳಿನಲ್ಲಿರುವ ಸೋಡಿಯಂ, ನೀರು ತಾಗಿದಾಗ ಜೇಡಿಯ ಕಣಗಳನ್ನು ಬಿಡಿಬಿಡಿಯಾಗಿ ಚದರಿಸುತ್ತದೆ. ಆ ಸೂಕ್ಷ್ಮ ಕಣಗಳು ರಂಧ್ರಗಳನ್ನು ಮುಚ್ಚಿಬಿಡುತ್ತವೆ. ನೀರು ಇಂಗಗೊಡದೆ ಹೊಲದಲ್ಲಿ ರೈತನನ್ನು ಕಾಡುವ ಮಣ್ಣು ಮಾಳಿಗೆಯ ಮೇಲೆ ಉಪಕಾರಿಯಾಗುತ್ತದೆ. ಎರೆಮಣ್ಣಾದರೋ ಬೇಸಗೆಯಲ್ಲಿ ಬಿರಿಯುವುದರಿಂದ ಈ ಕೆಲಸಕ್ಕೆ ಬಾರದು.

ಮಣ್ಣಿನಲ್ಲಿ ಶಾಖ ನಿಧಾನವಾಗಿ ಚಲಿಸುತ್ತದೆ. ಒಂದು ಅಡಿ ದಪ್ಪದ ಪದರವನ್ನು ದಾಟಲು ಅದಕ್ಕೆ ಎಂಟು–ಹತ್ತು ಗಂಟೆಗಳು ಬೇಕು. ಮಧ್ಯಾಹ್ನದ ಬಿಸಿಲಿನ ಕಾವು ಒಳಗೆ ತಲಪುವುದು ರಾತ್ರಿ. ಮಲಗುವ ಮನೆಯಲ್ಲಿ ಇದು ಸೆಖೆಗೆ ಕಾರಣವಾದೀತು; ಅಂಗಡಿಗೆ ಆ ಹೊತ್ತಿಗೆ ಬೀಗ ಬಿದ್ದಿರುತ್ತದೆ! ತಗಡಿನ ಗಡಿಯಾರವೇ ಬೇರೆ. ಅರ್ಧ ಮಿಲಿಮೀಟರಿನ ಉಕ್ಕು ಬಿಸಿಲು ಬಿದ್ದ ಕೆಲವೇ ನಿಮಿಷಗಳಲ್ಲಿ ಕಾಯ್ದು, ಬೇಸಗೆಯ ಮಧ್ಯಾಹ್ನ 60 ಡಿಗ್ರಿ ಸೆಂಟಿಗ್ರೇಡನ್ನು ಮೀರಿ, ವ್ಯಾಪಾರಿಯ ನೆತ್ತಿಯ ಮೇಲೆ ಶಾಖವನ್ನು ಸೂಸುತ್ತದೆ. ಸಂಜೆ ಅವನು ಮನೆಗೆ ಹೊರಟ ಮೇಲೆ ತಣ್ಣಗಾಗುತ್ತದೆ. ಹಗಲು ಮಾತ್ರ ಬಳಸುವ ಕಟ್ಟಡಕ್ಕೆ ಇದಕ್ಕಿಂತ ವಿಪರೀತವಾದ ವ್ಯವಸ್ಥೆ ಇನ್ನೊಂದಿಲ್ಲ.

ಹಾಗಾದರೆ ತಗಡು ಗೆದ್ದುದು ಹೇಗೆ? ತೂಕದಿಂದ. ಆರು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲದ ಒಂದು ಅಂಗಡಿಯನ್ನು ಭಾವಿಸಿಕೊಳ್ಳಿ. ಅದರ ಮೇಲೆ ಒಂದು ಅಡಿ ಮಣ್ಣು ಹೊರಿಸಿದರೆ ಸುಮಾರು 12 ಟನ್. ಐದಂಗುಲದ ಕಾಂಕ್ರೀಟಾದರೆ ಸುಮಾರು 7 ಟನ್. ಮಂಗಳೂರು ಹಂಚು ಒಂದು ಟನ್ನಿನ ಆಸುಪಾಸು. ತಗಡು ಸುಮಾರು 100 ಕಿಲೋಗ್ರಾಂ ಮಾತ್ರ. ದಪ್ಪ ತೊಲೆಗಳಿಗೆ ಮರ ಸಿಗುವುದು ದುರ್ಲಭವಾದ ಕಾಲದಲ್ಲಿ ಈ ಲೆಕ್ಕವೇ ನಿರ್ಣಾಯಕವಾಯಿತು. ಆದರೆ ಹಗುರವಾದದ್ದು ಹಾರಲೂಬಲ್ಲುದು. ಗಂಟೆಗೆ 100 ಕಿಲೋಮೀಟರ್ ವೇಗದ ಬಿರುಗಾಳಿ ಪ್ರತಿ ಚದರ ಮೀಟರನ್ನು ಹತ್ತಾರು ಕಿಲೋಗ್ರಾಂ ಬಲದಿಂದ ಮೇಲಕ್ಕೆ ಸೆಳೆಯಬಲ್ಲುದು. ಅಷ್ಟು ತಗಡಿನ ತೂಕ ಕೇವಲ 4 ಕಿಲೋಗ್ರಾಂ. ಕೊಕ್ಕೆ, ತಿರುಪುಗಳಲ್ಲಿ ಜಿಪುಣತನ ಸಲ್ಲದು.

ಉಗ್ರಾಣಕ್ಕೆ ಇನ್ನೊಂದು ಅಪಾಯವುಂಟು. ಮೋಡವಿಲ್ಲದ ಚಳಿಗಾಲದ ರಾತ್ರಿ ತಗಡು ತನ್ನ ಶಾಖವನ್ನು ಆಕಾಶಕ್ಕೆ ಸೂಸಿ, ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಒಳಗಿನ ಗಾಳಿಯ ತೇವ ತಗಡಿನ ಕೆಳಮೈಯಲ್ಲಿ ಹನಿಗಟ್ಟಿ ಚೀಲಗಳ ಮೇಲೆ ತೊಟ್ಟಿಕ್ಕುತ್ತದೆ. ಬ್ಯಾಡಗಿಯ ಪೇಟೆಯನ್ನು ಹೊಂದಿರುವ ಈ ಸೀಮೆಯವರಿಗೆ ಒಣಮೆಣಸಿನಕಾಯಿ ನೆನೆದರೆ ಏನಾಗುವುದೆಂದು ತಿಳಿದೇ ಇದೆ: ಬೂಸು ಹಿಡಿಯುತ್ತದೆ, ಕೆಲವು ಬಗೆಯ ಬೂಸು ಅಫ್ಲಟಾಕ್ಸಿನ್ ಎಂಬ ವಿಷವನ್ನು ಉತ್ಪತ್ತಿಮಾಡುತ್ತದೆ. ಮಳೆಯಿಲ್ಲದ ದಿನವೂ ಛಾವಣಿ ಸೋರಬಲ್ಲುದು!

ಹಂಚಿನದು ನಡುದಾರಿ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದಂದಿನಿಂದ ಅದು ದೂರದೂರದ ಊರುಗಳಿಗೂ ಹಬ್ಬಿತು. ಸಂದುಗಳಿಂದ ಬಿಸಿಗಾಳಿ ಹೊರಹೋಗುತ್ತದೆ, ಜೇಡಿ ಸ್ವಲ್ಪ ತೇವವನ್ನು ತಾನೇ ಹೀರಿಕೊಳ್ಳುತ್ತದೆ. ಮಂಗಗಳ ಹಾವಳಿಯೊಂದಿಲ್ಲದಿದ್ದರೆ ಸಣ್ಣ ಅಂಗಡಿಗೆ ನಾನು ಹಂಚನ್ನೇ ಹೇಳುತ್ತಿದ್ದೆ. ಕಲ್ನಾರಿನ ಹಾಳೆಯನ್ನಂತೂ ಹೊಸದಾಗಿ ಹಾಕಿಸಬಾರದು. ಅದರ ಎಳೆಗಳು ಶ್ವಾಸಕೋಶವನ್ನು ಸೇರಿ ಕ್ಯಾನ್ಸರನ್ನು ಉಂಟುಮಾಡುತ್ತವೆ. ಈಗಾಗಲೇ ಇರುವ ಹಾಳೆಗಳನ್ನು ಗರಗಸದಿಂದ ಕೊಯ್ಯುವುದು, ಒಡೆಯುವುದು ಕೂಡದು.

ತಗಡೇ ಅನಿವಾರ್ಯವಾದಲ್ಲಿ ಮೇಲ್ಮೈಗೆ ಬಿಳಿಯ ಬಣ್ಣ ಬಳಿಸಿ. ಹೊಸದಾಗಿರುವಾಗ ಅದು ಬಿಸಿಲಿನ ಮುಕ್ಕಾಲು ಪಾಲನ್ನು ಹಿಂದಿರುಗಿಸುತ್ತದೆ. ಕೆಳಗೆ ಸ್ವಲ್ಪ ಅಂತರ ಬಿಟ್ಟು ಒಳಛಾವಣಿ ಹಾಕಿಸಿ, ಆ ನಡುವಿನ ಗಾಳಿ ಹೊರಹೋಗಲು ನೆತ್ತಿಯಲ್ಲಿ ದಾರಿ ಬಿಡಿ.

ಇನ್ನು ಹಳೆಯ ಮಾಳಿಗೆಯ ಅಂಗಡಿಯನ್ನು ಉಳಿಸಿಕೊಂಡವರು ಅದನ್ನು ಕೆಡವಲು ಆತುರಪಡಬೇಕಾಗಿಲ್ಲ. ಸೋರುವ ಮಾಳಿಗೆಯ ಮೇಲೆ ಪತ್ರಾಸು ಹೊದಿಸುವ ಪದ್ಧತಿ ಈ ಸೀಮೆಯಲ್ಲಿ ಬೆಳೆದುಬಂದಿದೆ. ನೋಡಲು ಅಂದವಲ್ಲ, ಆದರೆ ಮಳೆಯನ್ನು ತಗಡು, ಬಿಸಿಲನ್ನು ಮಣ್ಣು ಹಂಚಿಕೊಳ್ಳುವ ಈ ಏರ್ಪಾಡು ಭೌತಶಾಸ್ತ್ರಕ್ಕೆ ಒಪ್ಪುವಂಥದು. ತೊಲೆಗಳಿಗೆ ಗೆದ್ದಲು ಹತ್ತಿದೆಯೇ ಎಂಬುದನ್ನು ಮೊದಲು ಬಡಗಿಯಿಂದ ನೋಡಿಸಬೇಕು. ಎರಡರ ನಡುವೆ ಒಂದು ಮೊಳದಷ್ಟು ತೆರಪಿಟ್ಟು, ಗಾಳಿ ಆಡಲು ಎರಡು ತುದಿಗಳನ್ನೂ ತೆರೆದಿಡಬೇಕು. ಗಾಳಿಗೆ ಹಾರದಂತೆ ತಗಡನ್ನು ಗೋಡೆಗೇ ಬಿಗಿಯಬೇಕು.